ಕಾಲಿಗೆ ಪ್ಲಾಸ್ಟರ್, ಕೈಯಲ್ಲಿ ಟಿಕೆಟ್: ಥೀಮ್ ಪಾರ್ಕಿಗೆ ವೀಲ್‌ಚೇರಿನಲ್ಲಿ ಹೋಗಿಬರುವ ಕ್ರಮ

ಪರಿಚಯದ ಮನೆಗಳಲ್ಲಿ ಮತ್ತೆ ಮತ್ತೆ ನೋಡಿದ ಕಥೆ ಇದು. ಮಕ್ಕಳಿಗೆ ರಜೆ, ಬಿಡದಿ ಹತ್ತಿರದ ವಂಡರ್‌ಲಾಗೆ ಟಿಕೆಟ್ ಬುಕ್ ಆಗಿದೆ, ಊರಿಂದ ನೆಂಟರೂ ಹೊರಟಿದ್ದಾರೆ. ಅಷ್ಟರಲ್ಲಿ ಮನೆಯಲ್ಲೊಬ್ಬರು ಮೆಟ್ಟಿಲು ಜಾರಿ ಕಾಲು ಮುರಿದುಕೊಂಡರು. 'ಅಲ್ಲೇ ವೀಲ್‌ಚೇರ್ ಸಿಗುತ್ತಂತೆ, ನೋಡ್ಕೊಳ್ಳೋಣ ಬಿಡು' ಅನ್ನುವಲ್ಲಿಗೆ ತಯಾರಿ ಮುಗಿಯುತ್ತದೆ. ಪಾರ್ಕಿಗೆ ಹೋದಮೇಲೆ 'ನಾಲ್ಕು ಹೆಜ್ಜೆ ತಾನೆ' ಎಂದು ಊರುಗೋಲಿನಲ್ಲೇ ಹೊರಡುತ್ತಾರೆ. ಮಧ್ಯಾಹ್ನ ಎರಡರ ಹೊತ್ತಿಗೆ ಪಾದ ಊದಿಕೊಂಡು, ಮುಖ ಬಾಡಿ, ಆಗ ಕುರ್ಚಿ ಹುಡುಕುವುದು. ಅಷ್ಟೊತ್ತಿಗೆ ಇದ್ದ ಕುರ್ಚಿಗಳನ್ನೆಲ್ಲ ಬೇರೆಯವರು ತೆಗೆದುಕೊಂಡು ಹೋಗಿರುತ್ತಾರೆ.

ಕಣಕಾಲು ಮುರಿದಿದ್ದಾಗ ನಾನೂ ಹೀಗೇ ಒಮ್ಮೆ ಹೋಗಿ ಪೆಟ್ಟು ತಿಂದೆ. ಎರಡನೇ ಸಲ ಕ್ರಮವಾಗಿ ಹೋದೆ, ದಿನ ಚೆನ್ನಾಗಿ ಕಳೆಯಿತು. ವ್ಯತ್ಯಾಸ ಇದ್ದದ್ದು ಒಂದೇ. ಎರಡನೇ ಸಲ ನೋವು ಬಂದಮೇಲೆ ಕೂತಿದ್ದಲ್ಲ, ನೋವು ಬರುವ ಮೊದಲೇ ಕೂತಿದ್ದೆ. ಕೆಳಗಿನ ಹಂತಗಳ ಕ್ರಮವನ್ನು ದಯವಿಟ್ಟು ಬದಲಿಸಬೇಡಿ. ಮೂರನೆಯದನ್ನು ಬಿಟ್ಟವರೆಲ್ಲ ಏಳನೆಯದರಲ್ಲಿ ಸಿಕ್ಕಿಬಿದ್ದಿದ್ದಾರೆ.

ಹಂತ 1: ವೈದ್ಯರಿಗೆ ಕೇಳಬೇಕಾದ ಪ್ರಶ್ನೆ ಬೇರೆ

'ಹೋಗಬಹುದಾ ಡಾಕ್ಟ್ರೇ?' ಎಂದು ಕೇಳಿದರೆ 'ಹುಷಾರಾಗಿ ಹೋಗಿಬನ್ನಿ' ಎನ್ನುವ ಉತ್ತರ ಸಿಗುತ್ತದೆ. ಅದು ಯಾವ ಕೆಲಸಕ್ಕೂ ಬಾರದು. ಕೇಳಬೇಕಾದ್ದು ಇವು. ಪೆಟ್ಟಾದ ಕಾಲಿನ ಮೇಲೆ ಭಾರ ಹಾಕಬಹುದೇ, ಬೆರಳು ತಾಗಿಸುವಷ್ಟು ಮಾತ್ರವೇ, ಅಥವಾ ನೆಲಕ್ಕೇ ತಾಗಿಸಬಾರದೇ? ಕಾಲನ್ನು ಒಂದೇ ಸಮನೆ ಎಷ್ಟು ಹೊತ್ತು ಕೆಳಗೆ ಇಳಿಬಿಡಬಹುದು? ಕಾರಿನಲ್ಲಿ ಮಂಡಿ ಮಡಚಿ ಕೂರಬಹುದೇ? ರಕ್ತ ಹೆಪ್ಪುಗಟ್ಟುವ ಅಪಾಯ ನನಗೆ ಹೆಚ್ಚಿದೆಯೇ?

ಕೊನೆಯ ಪ್ರಶ್ನೆಯನ್ನು ಸುಮ್ಮನೆ ಸೇರಿಸಿದ್ದಲ್ಲ. ಪ್ಲಾಸ್ಟರ್ ಹಾಕಿದ ಕಾಲು ಅಲುಗಾಡುವುದಿಲ್ಲ, ಸಾಲದ್ದಕ್ಕೆ ಇಡೀ ದಿನ ಕೂತೇ ಇರುತ್ತೀರಿ. ಮೀನಖಂಡದ ರಕ್ತನಾಳದಲ್ಲಿ ಹೆಪ್ಪು ಕಟ್ಟುವುದಕ್ಕೆ ಇದೇ ಸಂದರ್ಭ. ಹಿಂದೆ ಒಮ್ಮೆ ಹಾಗಾಗಿದ್ದರೆ, ಈಚೆಗೆ ಆಪರೇಷನ್ ಆಗಿದ್ದರೆ, ಅದನ್ನು ನೀವೇ ಬಾಯಿಬಿಟ್ಟು ಹೇಳಿ.

ಹೊಸ ಪ್ಲಾಸ್ಟರ್ ಹಾಕಿದ ಮೊದಲ ಎರಡು ಮೂರು ದಿನ ಊತ ಏರುವ ಕಾಲ. ಆ ವಾರ ಟಿಕೆಟ್ ಎಷ್ಟೇ ದುಬಾರಿಯದ್ದಾದರೂ ಮುಂದೂಡಿ.

ಹಂತ 2: ಕುರ್ಚಿ ಆರಿಸುವುದು

ಹೆಚ್ಚಿನವರು ಎಡವುವುದು ಇಲ್ಲಿ. ವೀಲ್‌ಚೇರ್ ಅಂದರೆ ಎಲ್ಲ ಒಂದೇ ಅಲ್ಲ.

ಆಸ್ಪತ್ರೆ ಕಾರಿಡಾರಿನಲ್ಲಿ ಕಾಣುವ ಮಡಚುವ ಕುರ್ಚಿಗೆ ಹಿಂದೆ 24 ಇಂಚಿನ ದೊಡ್ಡ ಚಕ್ರ, ಅದರ ಹೊರಗೊಂದು ತಳ್ಳುಬಳೆ ಇರುತ್ತದೆ. ಕೂತವರೇ ಕೈಯಿಂದ ತಿರುಗಿಸಿಕೊಳ್ಳಬಹುದು. ಸ್ಟೀಲಿನದಾದರೆ 15ರಿಂದ 18 ಕೆ.ಜಿ. ತೂಗುತ್ತದೆ. ಇನ್ನೊಂದು, ನಾಲ್ಕೂ ಚಿಕ್ಕ ಚಕ್ರದ ಹಗುರ ಕುರ್ಚಿ. ಎತ್ತುವುದಕ್ಕೆ, ಡಿಕ್ಕಿಗೆ ಹಾಕುವುದಕ್ಕೆ ಸಲೀಸು, ಆದರೆ ಸದಾ ಯಾರಾದರೂ ತಳ್ಳಬೇಕು. ಅಂಗಡಿಯವರು ಹಗುರ ಎಂದು ಎರಡನೆಯದನ್ನೇ ಮುಂದಿಡುತ್ತಾರೆ. ಥೀಮ್ ಪಾರ್ಕಿಗೆ ನನ್ನ ಮಟ್ಟಿಗೆ ದೊಡ್ಡ ಚಕ್ರದ್ದೇ ಸರಿ. ಚಿಕ್ಕ ಚಕ್ರ ಇಂಟರ್‌ಲಾಕ್ ಕಲ್ಲುಗಳ ಸಂದಿಗೆ, ಮೋರಿಯ ಕಂಬಿಗೆ ಬಿದ್ದು ನಿಲ್ಲುತ್ತದೆ. ಅದಕ್ಕಿಂತ ಮುಖ್ಯವಾಗಿ, ಎಲ್ಲರೂ ರೈಡಿಗೆ ಹೋದಾಗ ನೆರಳಿಗೆ ಸರಿಯುವುದಕ್ಕೂ ನೀವು ಇನ್ನೊಬ್ಬರ ದಾರಿ ಕಾಯಬೇಕು. ಮಾಮೂಲಿ ಮನುಷ್ಯನನ್ನು ಅರ್ಧ ಗಂಟೆಯಲ್ಲಿ ಸಿಡುಕ ಮಾಡುವುದಕ್ಕೆ ಅಷ್ಟು ಸಾಕು. ಕೈಗೋ ಭುಜಕ್ಕೋ ಪೆಟ್ಟಾಗಿದ್ದರೆ ಮಾತ್ರ ಚಿಕ್ಕ ಚಕ್ರದ್ದು ನಡೆಯುತ್ತದೆ.

ಅಳತೆ ಹೀಗೆ. ಕೂತಾಗ ಸೊಂಟದ ಕೆಳಗಿನ ಅಗಲ ಅಳೆದು ಅದಕ್ಕೆ 2 ಇಂಚು ಸೇರಿಸಿ, ಅದೇ ಸೀಟಿನ ಅಗಲ. ಅಂಗಡಿಗಳಲ್ಲಿ 16, 18, 20 ಇಂಚಿನವು ಸಿಗುತ್ತವೆ. 'ದೊಡ್ಡದಿದ್ದರೆ ಆರಾಮ' ಎಂದು 20 ಇಂಚಿನದು ತಂದರೆ ಒಂದು ಕಡೆ ವಾಲಿ ಕೂತು ಸಂಜೆಗೆ ಬೆನ್ನು ಹಿಡಿದುಕೊಳ್ಳುತ್ತದೆ. ಬಾಗಿಲುಗಳಲ್ಲೂ ತೂರುವುದಿಲ್ಲ. 18 ಇಂಚು ಸೀಟಿನ ಕುರ್ಚಿಯ ಒಟ್ಟು ಅಗಲವೇ 25–26 ಇಂಚು ಬರುತ್ತದೆ ಎನ್ನುವುದು ನೆನಪಿರಲಿ.

ಕಾಲಿಗೆ ಪೆಟ್ಟಾದವರು ಮರೆಯಲೇಬಾರದ ಭಾಗ, ಮೇಲೆತ್ತುವ ಕಾಲಾಸರೆ. ಮಾಮೂಲಿ ಕುರ್ಚಿಯಲ್ಲಿ ಕಾಲು ಕೆಳಗೆ ಜೋತಾಡುತ್ತದೆ, ರಕ್ತವೆಲ್ಲ ಪಾದಕ್ಕಿಳಿದು ಪ್ಲಾಸ್ಟರ್ ಒಳಗೆ ಊತ ಏರುತ್ತದೆ. ಬಾಡಿಗೆಗೆ ಕೇಳುವಾಗ 'ಲೆಗ್‌ರೆಸ್ಟ್ ಮೇಲೆತ್ತುವ ಮಾಡೆಲ್ ಬೇಕು, ಎಡಗಾಲಿಗೆ' ಎಂದು ಯಾವ ಕಾಲೆಂಬುದನ್ನೂ ಸೇರಿಸಿ ಹೇಳಿ.

ದೊಡ್ಡ ಆಸ್ಪತ್ರೆಗಳ ಎದುರಿನ ಸರ್ಜಿಕಲ್ ಅಂಗಡಿಗಳಲ್ಲಿ ಠೇವಣಿ ಇಟ್ಟುಕೊಂಡು ಬಾಡಿಗೆಗೆ ಕೊಡುತ್ತಾರೆ. ಹಿಂದಿನ ದಿನವೇ ತನ್ನಿ. ಅಂಗಡಿಯಲ್ಲೇ ಕೂತು, ಎರಡೂ ಬ್ರೇಕ್ ಹಾಕಿಸಿ, ಹಿಂದಿನಿಂದ ತಳ್ಳಿ ನೋಡಲು ಹೇಳಿ. ಚಕ್ರ ಒಂದಿಷ್ಟೂ ಉರುಳಬಾರದು. ನನಗೆ ಮೊದಲ ಸಲ ಕೊಟ್ಟ ಕುರ್ಚಿಯ ಬಲಗಡೆ ಬ್ರೇಕ್ ಬರೀ ಅಲಂಕಾರಕ್ಕಿತ್ತು. ಅದು ಗೊತ್ತಾದದ್ದು ಪಾರ್ಕಿಂಗಿನ ಇಳಿಜಾರಿನಲ್ಲಿ.

ಹಂತ 3: ಸ್ವಂತ ಬೀದಿಯಲ್ಲಿ ಒಂದು ಗಂಟೆ

ಇದಕ್ಕೇ ಹೆಚ್ಚು ಸಂಕೋಚ. 'ಅಕ್ಕಪಕ್ಕದವರು ನೋಡ್ತಾರೆ' ಎನ್ನುವುದು. ನೋಡಲಿ ಬಿಡಿ, ಬಿದ್ದರೆ ಎತ್ತುವುದಕ್ಕೂ ಅವರೇ ಬರಬೇಕು. ತೀರಾ ಮುಜುಗರವಾದರೆ ಭಾನುವಾರ ಕಬ್ಬನ್ ಪಾರ್ಕಿಗೆ ಹೋಗಿ. ಅವತ್ತು ಒಳಗಿನ ರಸ್ತೆಗಳಿಗೆ ವಾಹನ ಬಿಡುವುದಿಲ್ಲ, ಸಪಾಟು ಡಾಂಬರೂ ಇದೆ, ಸಣ್ಣಪುಟ್ಟ ಏರೂ ಇದೆ.

ಪಾರ್ಕಿನಲ್ಲಿ ತಳ್ಳುವವರು ಯಾರೋ ಅವರೇ ಅಭ್ಯಾಸಕ್ಕೂ ಬರಬೇಕು. ಕುರ್ಚಿ ಮಡಚುವುದು (ಸೀಟಿನ ನಡುವನ್ನು ಹಿಡಿದು ಮೇಲಕ್ಕೆ ಎಳೆಯಬೇಕು), ಬಿಚ್ಚುವುದು (ಸೀಟಿನ ಎರಡು ಅಂಚನ್ನು ಅಂಗೈಯಿಂದ ಕೆಳಗೆ ಒತ್ತಬೇಕು, ಬೆರಳು ಒಳಗಿಟ್ಟರೆ ಚಚ್ಚಿಹೋಗುತ್ತದೆ), ಕಾಲಾಸರೆ ಕಳಚುವುದು, ಬ್ರೇಕ್ ಹಾಕುವುದು. ಇಷ್ಟನ್ನೂ ನೋಡದೆ ಮಾಡುವಷ್ಟು ಕೈಗೆ ಬರಬೇಕು.

ಆಮೇಲೆ ಕುರ್ಚಿಯಿಂದ ಏಳುವ ಅಭ್ಯಾಸ. ಕುರ್ಚಿಯನ್ನು ಎದುರಿನ ಸೀಟಿಗೆ ಓರೆಯಾಗಿ, ಗಟ್ಟಿ ಇರುವ ಕಾಲು ಆ ಸೀಟಿನ ಕಡೆ ಬರುವಂತೆ ನಿಲ್ಲಿಸಿ. ಎರಡೂ ಬ್ರೇಕ್ ಹಾಕಿ. ಪಾದ ಇಡುವ ತಟ್ಟೆಗಳನ್ನು ಮೇಲಕ್ಕೆ ಮಡಚಿ. ಮುಂದಕ್ಕೆ ಜರುಗಿ, ಗಟ್ಟಿ ಕಾಲಿನ ಮೇಲೆ ಎದ್ದು, ಅದರ ಮೇಲೇ ತಿರುಗಿ ಕೂತುಕೊಳ್ಳಿ. ಸಹಾಯಕ್ಕೆ ನಿಂತವರು ಕಂಕುಳಿಗೆ ಕೈಹಾಕಿ ಎತ್ತಬಾರದು, ಸೊಂಟದ ಬಳಿ ಹಿಡಿಯಬೇಕು. ತಟ್ಟೆಯ ಮೇಲೇ ಕಾಲಿಟ್ಟು ಎದ್ದರೆ ಕುರ್ಚಿ ಮುಂದಕ್ಕೆ ಮಗುಚುತ್ತದೆ. ವೀಲ್‌ಚೇರಿನಿಂದ ಬೀಳುವವರು ಬಹಳ ಮಂದಿ ಬೀಳುವುದೇ ಹೀಗೆ.

ಹಂತ 4: ಪಾರ್ಕಿಗೆ ಫೋನ್, ದಿನದ ಆಯ್ಕೆ

'ವೀಲ್‌ಚೇರ್ ಫೆಸಿಲಿಟಿ ಇದೆಯಾ' ಎಂದರೆ 'ಇದೆ ಸರ್' ಎನ್ನುತ್ತಾರೆ. ಬಿಡಿಬಿಡಿಯಾಗಿ ಕೇಳಿ. ನನ್ನ ಕುರ್ಚಿಯನ್ನೇ ಒಳಗೆ ತರಬಹುದೇ? ಗೇಟಿನಿಂದ ಊಟದ ಹಾಲ್‌ವರೆಗೆ ಮೆಟ್ಟಿಲಿಲ್ಲದ ದಾರಿ ಯಾವುದು? ಅಗಲ ಬಾಗಿಲಿನ ಶೌಚಾಲಯ ಎಷ್ಟಿವೆ, ಎಲ್ಲೆಲ್ಲಿ? ಪ್ಲಾಸ್ಟರ್ ಇದ್ದವರನ್ನು ಯಾವ ರೈಡಿಗೆ ಬಿಡುತ್ತೀರಿ? ಪ್ರಥಮ ಚಿಕಿತ್ಸೆ ಕೊಠಡಿ ಎಲ್ಲಿದೆ? ಉತ್ತರಗಳನ್ನು ಬರೆದಿಟ್ಟುಕೊಳ್ಳಿ. ಮಾತಾಡಿದವರ ಹೆಸರನ್ನೂ ಬರೆದುಕೊಂಡರೆ ಗೇಟಿನಲ್ಲಿ ವಾದ ಬೇಗ ಮುಗಿಯುತ್ತದೆ.

ಏಪ್ರಿಲ್–ಮೇ, ದಸರಾ ರಜೆ, ಯಾವುದೇ ಶನಿವಾರ ಭಾನುವಾರ ಬೇಡ. ನೂಕುನುಗ್ಗಲಲ್ಲಿ ಚಾಚಿದ ಕಾಲಿಗೆ ಯಾರಾದರೂ ಒಬ್ಬರು ಡಿಕ್ಕಿ ಹೊಡೆದೇ ಹೊಡೆಯುತ್ತಾರೆ.

ಹಂತ 5: ಗಾಡಿ

ಬೆಂಗಳೂರಿನಿಂದ ವಂಡರ್‌ಲಾಗೆ ಮೈಸೂರು ರಸ್ತೆಯಲ್ಲಿ ಸುಮಾರು 28 ಕಿ.ಮೀ. ಕ್ಯಾಬ್ ಬುಕ್ ಮಾಡುವವರು ಹಿಂದಿನ ಡಿಕ್ಕಿಯ ವಿಷಯ ಮರೆತಿರುತ್ತಾರೆ. ಬೆಂಗಳೂರಿನ ಎಷ್ಟೋ ಕ್ಯಾಬ್‌ಗಳ ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಮಲಗಿರುತ್ತದೆ, ಮಡಚಿದ ವೀಲ್‌ಚೇರ್ ಬಿಡಿ, ಸೂಟ್‌ಕೇಸೇ ಹಿಡಿಸುವುದಿಲ್ಲ. ಏಳು ಸೀಟಿನ ಗಾಡಿ ಹೇಳಿ, ಡ್ರೈವರಿಗೆ ಮೊದಲೇ ಫೋನ್ ಮಾಡಿ 'ವೀಲ್‌ಚೇರ್ ಇದೆ ಅಣ್ಣ, ಹಿಂದೆ ಜಾಗ ಇದೆಯಾ' ಎಂದು ಕೇಳಿ.

ಮೆಟ್ರೋ ನೇರಳೆ ಮಾರ್ಗ ಈಗ ಚಲ್ಲಘಟ್ಟದವರೆಗೆ ಇದೆ, ನಿಲ್ದಾಣಗಳಲ್ಲಿ ಲಿಫ್ಟ್ ಕೂಡ ಇದೆ. ಆದರೆ ಅಲ್ಲಿಂದ ಮುಂದೆ ರಸ್ತೆಯಲ್ಲೇ ಹೋಗಬೇಕು. ಆಟೋ ಮಾಡಿದರೆ, 2023ರ ಆಗಸ್ಟ್‌ನಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಆಟೋಗಳಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯಲ್ಲೇ ಸಾಗಬೇಕು. ಅಲ್ಲಿನ ಒಂದೊಂದು ರೋಡ್ ಹಂಪ್‌ಗೂ ಮುರಿದ ಮೂಳೆ ಹಾಜರಿ ಕೂಗುತ್ತದೆ. ನನ್ನ ಸಲಹೆ ಮನೆಬಾಗಿಲಿಂದ ಕಾರು, ಹಿಂದಿನ ಸೀಟಿನಲ್ಲಿ ಅಡ್ಡಡ್ಡ ಕೂತು ಕಾಲಿನ ಕೆಳಗೆ ಎರಡು ದಿಂಬು, ಸೀಟ್ ಬೆಲ್ಟ್ ಹಾಕಿಕೊಂಡೇ. ಆ ಸೀಟಿನಲ್ಲಿ ನಿಮ್ಮ ಜೊತೆ ಇನ್ನೊಬ್ಬರಿಗೆ ಜಾಗವಿಲ್ಲ ಎಂಬುದನ್ನು ಜನರ ಲೆಕ್ಕ ಹಾಕುವಾಗಲೇ ಹೇಳಿಬಿಡಿ.

ಬಿಡದಿ ತಟ್ಟೆ ಇಡ್ಲಿ ಹೋಗುವಾಗ ಬೇಡ, ಬರುವಾಗಲೂ ಕಾರಿಗೇ ತರಿಸಿಕೊಳ್ಳಿ.

ಹಂತ 6: ಗೇಟಿನಲ್ಲೇ ಕೂತುಬಿಡಿ

ಕಾರಿಂದ ಇಳಿದವರು ನೇರ ಕುರ್ಚಿಗೆ. 'ಟಿಕೆಟ್ ಕೌಂಟರ್‌ತನಕ ನಡೀತೀನಿ' ಬೇಡ. ಪಾರ್ಕ್ 80 ಎಕರೆಗೂ ಹೆಚ್ಚಿದೆ. ನಿಮ್ಮಲ್ಲಿ ನಡೆಯುವ ಶಕ್ತಿ ಸ್ವಲ್ಪ ಇದ್ದರೆ ಅದನ್ನು ಶೌಚಾಲಯಕ್ಕೆ, ರೈಡಿನ ಸೀಟಿಗೆ, ವಾಪಸ್ ಮನೆಯ ಮೆಟ್ಟಿಲಿಗೆ ಉಳಿಸಿಕೊಳ್ಳಿ.

ಪಾರ್ಕಿನ ಕುರ್ಚಿಯನ್ನೇ ನಂಬಿ ಹೋದವರು ಬಾಗಿಲು ತೆಗೆಯುವ ಹೊತ್ತಿಗೇ, ಸಾಮಾನ್ಯವಾಗಿ ಬೆಳಗ್ಗೆ 11ಕ್ಕೆ, ಅಲ್ಲಿರಬೇಕು. ಸಿಕ್ಕ ಕುರ್ಚಿಗೂ ಬ್ರೇಕ್ ಪರೀಕ್ಷೆ ತಪ್ಪಿಸಬೇಡಿ. ಅಂಥ ಕುರ್ಚಿಗಳಿಗೆ ಮೇಲೆತ್ತುವ ಕಾಲಾಸರೆ ಸಿಗುವುದು ಕಡಿಮೆ, ಅದಕ್ಕೇ ಕಾಲಿಗೆ ಆಸರೆ ಕಟ್ಟಿಕೊಳ್ಳಲು ಮನೆಯಿಂದ ಒಂದು ಗಟ್ಟಿ ದಿಂಬು, ಒಂದು ಹಳೇ ಪಂಚೆ ಒಯ್ಯಿರಿ.

ಬ್ಯಾಗುಗಳನ್ನು ಲಾಕರಿಗೆ ಹಾಕಿ. ಕುರ್ಚಿಯ ಹಿಡಿಗೆ ನೇತುಹಾಕುವ ಚಾಳಿ ಎಲ್ಲರಿಗೂ ಇದೆ, ನಮ್ಮ ಮನೆಯವರಿಗೂ ಇತ್ತು. ಮೂರು ಬ್ಯಾಗು, ಐವರ ಒದ್ದೆಬಟ್ಟೆ, ಎರಡು ಲೀಟರ್ ನೀರು ಹಿಂದೆ ತೂಗುತ್ತಿತ್ತು. ನಾನು ಎದ್ದು ನಿಂತೆ, ಭಾರ ತಪ್ಪಿ ಕುರ್ಚಿ ಹಿಂದಕ್ಕೆ ಧೊಪ್ಪೆಂದು ಮಗುಚಿತು. ಎದುರಿಗಿದ್ದ ಪುಟ್ಟ ಹುಡುಗನೊಬ್ಬ ಅದೂ ಒಂದು ರೈಡೆಂದುಕೊಂಡು ಚಪ್ಪಾಳೆ ತಟ್ಟಿದ.

ಹಂತ 7: ತಳ್ಳುವುದು

ತಳ್ಳುವವರಿಗೆ ಮೊದಲ ನಿಯಮ, ಹೇಳದೆ ತಳ್ಳಬೇಡಿ. 'ಹೊರಟೆ', 'ನಿಲ್ಲಿಸ್ತಿದೀನಿ', 'ಹಿಂದಕ್ಕೆ' ಎಂದು ಬಾಯಲ್ಲಿ ಹೇಳುತ್ತಿರಿ. ಕೂತವರಿಗೆ ಹಿಂದೆ ಏನಾಗುತ್ತಿದೆ ಎಂದು ಕಾಣುವುದಿಲ್ಲ. ಹಾಗೇ ಮೇಲೆತ್ತಿದ ಕಾಲು ಕುರ್ಚಿಗಿಂತ ಒಂದೂವರೆ ಎರಡಡಿ ಮುಂದಿರುತ್ತದೆ, ತಳ್ಳುವವರಿಗೆ ಅದು ಮರೆತುಹೋಗುತ್ತದೆ. ನಮ್ಮ ಭಾವ ಐಸ್‌ಕ್ರೀಮ್ ಅಂಗಡಿ ಮುಂದೆ ನನ್ನ ಹೆಬ್ಬೆರಳನ್ನು ಕೌಂಟರಿಗೆ ಗುದ್ದಿಸಿದ್ದು ಹೀಗೇ. ಆಮೇಲೆ ಬೆರಳ ತುದಿಯ ಹತ್ತಿರ ಒಂದು ಕೆಂಪು ಕರ್ಚೀಫು ಕಟ್ಟಿದೆವು. ಎದುರು ಬರುವವರಿಗೂ ಕಾಣುತ್ತದೆ.

ಕಟ್ಟೆ ಹತ್ತುವಾಗ ಮುಖ ಮುಂದಕ್ಕೇ ಇರಲಿ. ಕುರ್ಚಿಯ ಹಿಂದೆ ಕೆಳಗೆ ಚಾಚಿದ ಕೊಳವೆಯನ್ನು ಪಾದದಿಂದ ಒತ್ತಿ ಹಿಡಿಗಳನ್ನು ಕೆಳಗೆಳೆದರೆ ಮುಂದಿನ ಪುಟ್ಟ ಚಕ್ರಗಳು ಏಳುತ್ತವೆ. ಅವನ್ನು ಕಟ್ಟೆಯ ಮೇಲಿಟ್ಟು, ದೊಡ್ಡ ಚಕ್ರ ಅಂಚಿಗೆ ತಾಗುವತನಕ ತಳ್ಳಿ, ಆಮೇಲೆ ಹತ್ತಿಸಿ. ಇಳಿಯುವಾಗ ಇದು ಉಲ್ಟಾ, ಕುರ್ಚಿ ತಿರುಗಿಸಿ, ನೀವು ಕೆಳಗೆ ನಿಂತು, ದೊಡ್ಡ ಚಕ್ರವನ್ನು ಮೊದಲು ಇಳಿಸಿ. ಕಡಿದಾದ ರ‍್ಯಾಂಪ್ ಇಳಿಯುವಾಗಲೂ ಹೀಗೇ ಹಿಂದುಹಿಂದಾಗಿ. ಮುಖ ಮುಂದೆ ಮಾಡಿ ಇಳಿಸಿದರೆ ಕೂತವರು ಜಾರಿ ಕೆಳಗೆ ಬರುತ್ತಾರೆ, ತಡೆಯುವುದಕ್ಕೆ ಅವರು ಊರುವುದು ಮುರಿದ ಕಾಲನ್ನೇ.

ಒಳ್ಳೆಯ ರ‍್ಯಾಂಪ್‌ನಲ್ಲಿ ಒಂದಡಿ ಏರುವುದಕ್ಕೆ 12 ಅಡಿ ಉದ್ದ ಇರುತ್ತದೆ. ಕಣ್ಣಿಗೇ ಅದಕ್ಕಿಂತ ಕಡಿದಾಗಿ ಕಂಡರೆ ಇಬ್ಬರು ಬೇಕು. ಮೆಟ್ಟಿಲ ಮೇಲೆ ಕೂತವರ ಸಮೇತ ಕುರ್ಚಿ ಎತ್ತುವ ಸಾಹಸ ಬೇಡವೇ ಬೇಡ. ಅನಿವಾರ್ಯವಾದರೂ ಕೈಯಾಸರೆ ಹಿಡಿದು ಎತ್ತಬಾರದು, ಹಲವು ಕುರ್ಚಿಗಳಲ್ಲಿ ಅದು ಕಿತ್ತುಬರುತ್ತದೆ.

ನೀರಾಟದ ಕಡೆ ನೆಲ ಸದಾ ಒದ್ದೆ. ಒದ್ದೆಯಾದ ತಳ್ಳುಬಳೆ ಕೈಗೆ ನಿಲ್ಲುವುದಿಲ್ಲ, ಬೈಕ್ ಓಡಿಸುವ ಗ್ಲೌಸ್ ಇದ್ದರೆ ಹಾಕಿಕೊಳ್ಳಿ. ಬಿಸಿಲಲ್ಲಿ ಹತ್ತು ನಿಮಿಷ ಖಾಲಿ ಬಿಟ್ಟ ಕಪ್ಪು ರೆಕ್ಸಿನ್ ಸೀಟು ಕಾವಲಿಯಾಗಿರುತ್ತದೆ, ಟವೆಲ್ ಹೊದಿಸಿ ಹೋಗಿ.

ಹಂತ 8: ರೈಡುಗಳ ವಿಷಯದಲ್ಲಿ ಆಸೆ ಕಟ್ಟಿಡಿ

ವೀಲ್‌ಚೇರ್ ಇದ್ದರೆ ಸಾಲು ತಪ್ಪುತ್ತದೆ, ಎಲ್ಲ ರೈಡಿಗೂ ಹೋಗಬಹುದು ಎಂದುಕೊಂಡು ಬಂದವರು ಬೇಸರ ಪಡುತ್ತಾರೆ. ಮೂಳೆ ಮುರಿದವರನ್ನು, ಬೆನ್ನು ಕುತ್ತಿಗೆ ನೋವಿನವರನ್ನು ಜೋರಾದ ರೈಡುಗಳಿಗೆ ಬಿಡುವುದಿಲ್ಲ, ಬಿಡಲೂ ಬಾರದು. ರಿಕಾಯಿಲ್‌ನಂಥ ರೋಲರ್ ಕೋಸ್ಟರ್ ನಿಮ್ಮನ್ನು ತಲೆಕೆಳಗಾಗಿಸಿ, ಹಿಂದುಮುಂದಾಗಿಯೂ ಓಡಿಸುತ್ತದೆ. ಪ್ಲಾಸ್ಟರಿನ ತೂಕವೇ ಕಾಲನ್ನು ಎಳೆದಾಡುತ್ತದೆ. ಇನ್ನೊಂದು ಕಾರಣ ಯಾರಿಗೂ ಹೊಳೆಯುವುದಿಲ್ಲ. ಕರೆಂಟ್ ಹೋಗಿಯೋ ಏನೋ ರೈಡ್ ಎತ್ತರದಲ್ಲಿ ನಿಂತರೆ ಜನರನ್ನು ಮೆಟ್ಟಿಲಲ್ಲಿ ನಡೆಸಿ ಇಳಿಸುತ್ತಾರೆ. 'ಆ ಮೆಟ್ಟಿಲು ನಾನು ಇಳಿಯಬಲ್ಲೆನೇ?' ಎಂದು ಕೇಳಿಕೊಳ್ಳಿ. ಇಲ್ಲ ಎಂದಾದರೆ ಆ ರೈಡ್ ನಿಮಗಲ್ಲ.

ಹಾಗಾದರೆ ಏನು ಮಾಡುವುದು? ನಿಧಾನವಾಗಿ ಸುತ್ತುವ, ಸೀಟಿಗೆ ಸುಲಭವಾಗಿ ಜರುಗಬಹುದಾದವನ್ನು ಅಲ್ಲಿನ ಸಿಬ್ಬಂದಿಯನ್ನೇ ಕೇಳಿ ಆರಿಸಿಕೊಳ್ಳಿ. ಪ್ರದರ್ಶನಗಳಿಗೆ ಸಮಯ ನೋಡಿಕೊಂಡು ಹತ್ತು ನಿಮಿಷ ಮುಂಚೆ ಹೋಗಿ. ನೀರಿನ ರೈಡ್ ಯಾವುದೂ ಬೇಡ. ಪ್ಲಾಸ್ಟಿಕ್ ಸುತ್ತಿಕೊಂಡರೂ ನೀರು ಮೇಲಿನ ಅಂಚಿನಿಂದ ಇಳಿಯುತ್ತದೆ, ಒದ್ದೆಯಾದ ಪ್ಲಾಸ್ಟರ್ ಮೆತ್ತಗಾಗಿ ಒಳಗಿನ ಹತ್ತಿ ಚರ್ಮವನ್ನು ಕೊಳೆಸುತ್ತದೆ.

ಇಲ್ಲೊಂದು ಮನೆಯೊಳಗಿನ ಮಾತು. ಕುರ್ಚಿಯಲ್ಲಿ ಕೂತವರನ್ನು ಎಲ್ಲರ ಮೊಬೈಲು, ಚಪ್ಪಲಿ, ಪರ್ಸು ಕಾಯುವ ಕಪಾಟು ಮಾಡಬೇಡಿ. ಸರದಿ ಹಾಕಿಕೊಳ್ಳಿ, ಒಂದೊಂದು ಗಂಟೆಗೆ ಒಬ್ಬೊಬ್ಬರು ಜೊತೆಗಿರಲಿ. ಸರದಿ ಮನೆಯಲ್ಲೇ ನಿಗದಿಯಾಗಲಿ, ಅಲ್ಲಿ ಹೋದಮೇಲೆ ಎಲ್ಲರಿಗೂ ಪಕ್ಕದ ರೈಡೇ ಕಾಣುತ್ತದೆ.

ಹಂತ 9: ನೀರು, ಶೌಚ, ಮಳೆ

ಶೌಚಾಲಯಕ್ಕೆ ಹೋಗುವ ತೊಂದರೆ ನೆನೆದು ನೀರು ಕುಡಿಯದೇ ಇರುವುದು, ಅದರಲ್ಲೂ ಹೆಂಗಸರು, ಬಹಳ ನೋಡಿದ್ದೇನೆ. ರಕ್ತ ಹೆಪ್ಪುಗಟ್ಟುವುದಕ್ಕೆ ನೀವೇ ದಾರಿ ಮಾಡಿಕೊಟ್ಟಂತೆ ಅದು. ಫೋನಿನಲ್ಲಿ ಕೇಳಿ ಬರೆದಿಟ್ಟುಕೊಂಡ ಶೌಚಾಲಯಗಳ ಸುತ್ತಲೇ ದಿನವನ್ನು ಹೆಣೆಯಿರಿ. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ. ಮಾತ್ರೆಗಳನ್ನು ಚೀಟಿಯ ಸಮೇತ ಕೈಚೀಲದಲ್ಲಿಟ್ಟುಕೊಳ್ಳಿ.

ಬೇಸಿಗೆಯ ಸಂಜೆಗಳಲ್ಲಿ, ಹಾಗೇ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೂ, ನಾಲ್ಕರ ಮೇಲೆ ಬೆಂಗಳೂರಿನ ಮಳೆಯನ್ನು ನಂಬುವ ಹಾಗಿಲ್ಲ. ದೊಡ್ಡ ಕಸದ ಚೀಲವೊಂದು ಜೇಬಿನಲ್ಲಿರಲಿ. ಮಳೆ ಬಂದಾಗ ಪ್ಲಾಸ್ಟರಿಗೆ ಹಾಕಿ, ನಿಂತ ಕೂಡಲೇ ತೆಗೆಯಿರಿ, ಬೆವರಿಗೂ ಅದು ಒದ್ದೆಯಾಗುತ್ತದೆ.

ಅರ್ಧ ಗಂಟೆಗೊಮ್ಮೆ ಕೈಯಾಸರೆ ಒತ್ತಿ ಸೀಟಿನಿಂದ ಸ್ವಲ್ಪ ಮೇಲೆದ್ದು ಕೂರಿ. ಬೆರಳುಗಳನ್ನು ಆಡಿಸುತ್ತಿರಿ.

ಹಂತ 10: ಈ ಲಕ್ಷಣ ಕಂಡರೆ ದಿನ ಅಲ್ಲಿಗೆ ಮುಗಿಯಿತು

ಗಂಟೆಗೊಮ್ಮೆ ಕಾಲ್ಬೆರಳಿನ ಉಗುರನ್ನು ಒತ್ತಿ ಬಿಡಿ. ಬಿಳಿಚಿದ ಉಗುರು ಎರಡು ಸೆಕೆಂಡಿನೊಳಗೆ ಕೆಂಪಾಗಬೇಕು. ಬೆರಳು ತಣ್ಣಗಾದರೆ, ನೀಲಿಗಟ್ಟಿದರೆ, ಜೋಮು ಹಿಡಿದು ಬಿಡದಿದ್ದರೆ, ಕಾಲು ಮೇಲೆತ್ತಿಟ್ಟರೂ ನೋವು ಏರುತ್ತಲೇ ಇದ್ದರೆ, ಬೆರಳನ್ನು ಯಾರಾದರೂ ಮೆಲ್ಲಗೆ ಮೇಲಕ್ಕೆ ಬಗ್ಗಿಸಿದಾಗ ಜೀವ ಹೋದಂತಾದರೆ, ಪ್ಲಾಸ್ಟರಿನೊಳಗೆ ಒತ್ತಡ ಏರಿ ಸ್ನಾಯುಗಳಿಗೆ ರಕ್ತ ಸಿಗುತ್ತಿಲ್ಲ ಎಂದರ್ಥ. ಇದು ಕೆಲವೇ ಗಂಟೆಗಳಲ್ಲಿ ಕಾಲಿಗೇ ಕುತ್ತು ತರುವ ಸ್ಥಿತಿ. ನೋವಿನ ಮಾತ್ರೆ ನುಂಗಿ 'ಲೇಸರ್ ಶೋ ಮುಗಿಸಿಕೊಂಡೇ ಹೋಗೋಣ' ಎನ್ನಬೇಡಿ. ಪ್ರಥಮ ಚಿಕಿತ್ಸೆ ಕೊಠಡಿಗೆ, ಅಲ್ಲಿಂದ ನೇರ ಆಸ್ಪತ್ರೆಗೆ.

ಮೀನಖಂಡ ಊದಿ ಬಿಸಿಯಾಗಿ ನೋಯುವುದು ಹೆಪ್ಪಿನ ಸೂಚನೆ, ಅವತ್ತೇ ತೋರಿಸಬೇಕು. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ಚುಚ್ಚಿದರೆ ಒಂದು ಕ್ಷಣವೂ ಕಾಯದೆ 108ಕ್ಕೆ ಕರೆಮಾಡಿ.

ಇವ್ಯಾವುವೂ ಇಲ್ಲದೆ ಬರೀ ಸುಸ್ತು, ಸಿಡುಕು ಇದ್ದರೂ ನಾಲ್ಕೂವರೆಗೆ ಹೊರಡಿ. ಉಳಿದವರು ಇನ್ನೊಂದು ಗಾಡಿಯಲ್ಲಿ ಬರಲಿ, ಅದಕ್ಕೊಂದು ಏರ್ಪಾಡು ಬೆಳಗ್ಗೆಯೇ ಆಗಿರಲಿ.

ಹಂತ 11: ಮನೆಗೆ ಬಂದಮೇಲೆ

ಕಾಲನ್ನು ಎದೆಯ ಮಟ್ಟಕ್ಕಿಂತ ಮೇಲಿಟ್ಟು ಒಂದು ಗಂಟೆ ಮಲಗಿ. ಮಲಗುವ ಮೊದಲು, ಬೆಳಗ್ಗೆ ಎದ್ದ ಕೂಡಲೇ, ಉಗುರು ಒತ್ತಿ ನೋಡುವುದನ್ನು ಮುಂದುವರಿಸಿ. ಊತ ಮರುದಿನ ಮಧ್ಯಾಹ್ನಕ್ಕೂ ಇಳಿಯದಿದ್ದರೆ ವೈದ್ಯರಿಗೆ ಫೋನ್ ಮಾಡಿ.

ಬಾಡಿಗೆ ಕುರ್ಚಿಯ ಮುಂದಿನ ಚಕ್ರದ ಅಚ್ಚಿಗೆ ಕೂದಲು, ದಾರ, ಮಣ್ಣು ಸುತ್ತಿಕೊಂಡಿರುತ್ತದೆ, ಬಿಡಿಸಿ ಒರೆಸಿ. ಬ್ರೇಕ್, ಕಾಲಾಸರೆ, ತಟ್ಟೆ ಎಲ್ಲ ಇರುವಂತೆ ಅಂಗಡಿಯವರ ಮುಂದೆಯೇ ಒಂದು ಫೋಟೋ ತೆಗೆದು, ಠೇವಣಿ ಕೈಗೆ ಬಂದಮೇಲೇ ಅಲ್ಲಿಂದ ಹೊರಡಿ.